ಏಡಿ ಅರ್ಧಕ್ಕೇ ಯಾಕೆ ವಾಪಸ್ ಬಂತು?

ಕಾರವಾರದ ಕಡೆಯವರಿಗೆ ಏಡಿ ಅಂದರೆ ಮೊದಲು ನೆನಪಾಗುವುದು ಸಾರು. ನಮ್ಮ ಮನೆಯಲ್ಲಂತೂ ಭಾನುವಾರ ಕುರ್ಲಿ ತಂದರೆ ಮಧ್ಯಾಹ್ನದವರೆಗೆ ಬೇರೆ ಮಾತೇ ಇರುವುದಿಲ್ಲ. ಅಂಥ ಮನೆಯವನು ತಿನ್ನಲಿಕ್ಕೂ ಬಾರದ, ಒಂದು ಹಳೇ ರೂಪಾಯಿ ನಾಣ್ಯಕ್ಕಿಂತ ಸಣ್ಣ ಏಡಿಯ ಬಗ್ಗೆ ಇಷ್ಟುದ್ದ ಬರೆಯಲು ಕೂತಿದ್ದಾನೆ ಅಂದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ ಬಿಡಿ :)

ಕಂಪನಿಯ ಕೆಲಸದ ಮೇಲೆ ಆರು ತಿಂಗಳು ಬಾಸ್ಟನ್‌ನಲ್ಲಿದ್ದೆ. ಶನಿವಾರ ರೂಮಿನಲ್ಲಿ ಕೂತು ಬೇಜಾರಾದಾಗ ಬಸ್ಸು ಹತ್ತಿ ಎಲ್ಲಿಗಾದರೂ ಹೋಗಿಬಿಡುವುದು ಅಭ್ಯಾಸವಾಗಿತ್ತು. ಹಾಗೆ ಒಂದು ಬೇಸಿಗೆಯ ಶನಿವಾರ ಕೇಪ್ ಕಾಡ್‌ನ ಫಾಲ್ಮತ್ ಎಂಬ ಊರಿಗೆ ಹೋದೆ. ಅಲ್ಲಿ ಹಳೆಯ ರೈಲುದಾರಿಯನ್ನು ಸೈಕಲ್ ದಾರಿ ಮಾಡಿದ್ದಾರೆ, ಶೈನಿಂಗ್ ಸೀ ಬೈಕ್‌ವೇ ಅಂತ ಹೆಸರು. ಸೈಕಲ್ ಬಾಡಿಗೆಗೆ ತೆಗೆದುಕೊಂಡು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಮರಗಳು ಮುಗಿದು ಹುಲ್ಲಿನ ದೊಡ್ಡ ಬಯಲು ಬಂತು. ಹುಲ್ಲಿನ ನಡುವೆ ಹಾವಿನ ಹಾಗೆ ಸುತ್ತುವ ಉಪ್ಪುನೀರಿನ ಕಾಲುವೆಗಳು. ಅದರ ಹೆಸರು ಗ್ರೇಟ್ ಸಿಪ್ಪೆವಿಸೆಟ್ ಜೌಗು. ಆಗ ಇಳಿತದ ಹೊತ್ತು. ಸೈಕಲ್ ನಿಲ್ಲಿಸಿ ನೀರು ಕುಡಿಯುತ್ತ ನೋಡುತ್ತೇನೆ, ಕಾಲುವೆಯ ದಡದ ಕೆಸರೇ ಅಲುಗಾಡುತ್ತಿದೆ! ಬಗ್ಗಿ ನೋಡಿದರೆ ನೂರಾರು ಏಡಿಗಳು. ಒಂದೊಂದಕ್ಕೂ ಒಂದೇ ಒಂದು ದೊಡ್ಡ ಕೈ. ಅದನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಯಾರನ್ನೋ "ಬಾ ಬಾ" ಎಂದು ಕರೆಯುತ್ತಿದ್ದವು. ನಾನು ಒಂದು ಹೆಜ್ಜೆ ಮುಂದಿಟ್ಟೆ ನೋಡಿ, ಎಲ್ಲ ಮಾಯ. ಕೆಸರಿನಲ್ಲಿ ಬರೀ ತೂತುಗಳು.

ಆ ತೂತುಗಳ ಕಥೆಯೇ ಈ ಬರಹ.

ಇವು ಪಿಟೀಲು ಏಡಿಗಳು, ಅಂದರೆ ಫಿಡ್ಲರ್ ಕ್ರ್ಯಾಬ್. ಗಂಡಿಗೆ ಒಂದು ಇಕ್ಕಳ ಮೈಗಿಂತಲೂ ದೊಡ್ಡದು, ಇನ್ನೊಂದು ಚಿಕ್ಕದು. ಚಿಕ್ಕ ಕೈಯಿಂದ ಕೆಸರು ತೆಗೆದು ಬಾಯಿಗೆ ಹಾಕಿಕೊಳ್ಳುವಾಗ ಅದು ದೊಡ್ಡ ಕೈಯ ಮುಂದೆ ಹೋಗಿ ಬಂದು ಮಾಡುತ್ತದೆ. ನೋಡುವವರಿಗೆ ಪಿಟೀಲಿನ ಮೇಲೆ ಕಮಾನು ಎಳೆದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ದೊಡ್ಡ ಕೈ ಊಟಕ್ಕೆ ಉಪಯೋಗಕ್ಕಿಲ್ಲ. ಹೆಣ್ಣನ್ನು ಕರೆಯಲಿಕ್ಕೆ, ಇನ್ನೊಂದು ಗಂಡಿನ ಜೊತೆ ಜಗಳಕ್ಕೆ, ಅಷ್ಟೇ. ಹೆಣ್ಣಿಗೆ ಎರಡೂ ಕೈ ಚಿಕ್ಕವು, ಹಾಗಾಗಿ ಎರಡರಿಂದಲೂ ಊಟ. ನಾನು ನೋಡಿದ ಜಾತಿಗೆ 1870ರಲ್ಲಿ ಸಿಡ್ನಿ ಸ್ಮಿತ್ ಎಂಬ ಪ್ರಾಣಿಶಾಸ್ತ್ರಜ್ಞ 'ಪುಗ್ನಾಕ್ಸ್' ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಜಗಳಗಂಟ ಅಂತ ಅರ್ಥ. ಬಹಳ ಕಾಲ ಊಕಾ ಪುಗ್ನಾಕ್ಸ್ ಆಗಿದ್ದದ್ದು 2016ರಲ್ಲಿ ಇಡೀ ಗುಂಪನ್ನು ಹೊಸದಾಗಿ ವಿಂಗಡಿಸಿದಾಗ ಮಿನೂಕಾ ಪುಗ್ನಾಕ್ಸ್ ಆಯಿತು.

ಇದರ ಊಟ ಕೆಸರಿನಲ್ಲಿರುವ ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಹುಲ್ಲಿನ ಚೂರು. ಬಾಯಿಯ ಹತ್ತಿರದ ರೋಮಗಳಿಂದ ತಿನ್ನುವುದನ್ನು ಸೋಸಿಕೊಂಡು, ಉಳಿದ ಮಣ್ಣನ್ನು ಸಣ್ಣ ಗುಳಿಗೆ ಮಾಡಿ ಉಗುಳುತ್ತದೆ. ಇಷ್ಟೆಲ್ಲ ನಡೆಯುವುದು ಇಳಿತದಲ್ಲಿ. ಭರತ ಬಂದಾಗ ಬಿಲದೊಳಗೆ ಹೋಗಿ ಬಾಯಿಗೆ ಕೆಸರಿನ ಮುಚ್ಚಳ ಹಾಕಿಕೊಂಡು ಕೂರುತ್ತದೆ. ಬಿಲ ಸುಮಾರು ಒಂದು ಗೇಣು ಆಳ. ಹಕ್ಕಿ ಬಂದರೆ ಓಡಿ ಸೇರಲಿಕ್ಕೆ, ಬಿಸಿಲಿನಲ್ಲಿ ಕಿವಿರು ಒಣಗದಿರಲಿಕ್ಕೆ, ಕೂಡಲಿಕ್ಕೆ, ಮೊಟ್ಟೆ ಕಾಯಲಿಕ್ಕೆ ಎಲ್ಲದಕ್ಕೂ ಅದೇ. ಬಿಲದಿಂದ ಎಷ್ಟು ದೂರ, ಯಾವ ದಿಕ್ಕಿಗೆ ಬಂದಿದ್ದೇನೆ ಎಂಬ ಲೆಕ್ಕ ಪಿಟೀಲು ಏಡಿಗಳ ತಲೆಯಲ್ಲಿ ಸದಾ ನಡೆಯುತ್ತಿರುತ್ತದೆ. ಬಿಲ ಕಣ್ಣಿಗೆ ಕಾಣದಿದ್ದರೂ ನೇರ ಓಡಿಬಂದು ಒಳಗೆ ಬೀಳುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಚಳಿಗಾಲ. ಮ್ಯಾಸಚೂಸೆಟ್ಸ್‌ನಲ್ಲಿ ಚಳಿಗೆ ಜೌಗಿನ ಮೇಲ್ಪದರ ಹೆಪ್ಪುಗಟ್ಟುತ್ತದೆ. ಏಡಿ ಬದುಕಬೇಕಾದರೆ ಆ ಹೆಪ್ಪಿನ ಕೆಳಗೆ ಇಳಿದು ವಸಂತದವರೆಗೆ ಮಲಗಿರಬೇಕು. ಅಂದರೆ ಅಲ್ಲಿ ಬಿಲದ ಆಳ ಅಂದರೆ ಆಯಸ್ಸು.

ಇರಲಿ, ಈಗ ಇತಿಹಾಸಕ್ಕೆ ಬರೋಣ.

ನಾನು ಸೈಕಲ್ ನಿಲ್ಲಿಸಿದ ಜಾಗದಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ವೈಲ್ಡ್ ಹಾರ್ಬರ್ ಎಂಬ ಇನ್ನೊಂದು ಜೌಗು ಇದೆ. 1969ರ ಸೆಪ್ಟೆಂಬರ್ 16ರಂದು 'ಫ್ಲಾರಿಡಾ' ಎಂಬ ತೈಲದ ಬಾರ್ಜ್ ಒಂದು ವೆಸ್ಟ್ ಫಾಲ್ಮತ್‌ನ ತೀರದ ಹತ್ತಿರ ಬಂಡೆಗೆ ತಾಗಿತು. ಅದರಿಂದ ಸುಮಾರು 7 ಲಕ್ಷ ಲೀಟರ್ ಎಣ್ಣೆ ಸಮುದ್ರಕ್ಕೆ ಸೋರಿತು. ಮನೆ ಬೆಚ್ಚಗಿಡಲು ಉರಿಸುವ, ನಮ್ಮ ಡೀಸೆಲ್‌ನಂಥ ತೆಳು ಎಣ್ಣೆ. ಗಾಳಿ, ಅಲೆ ಎರಡೂ ಸೇರಿ ಅದನ್ನು ವೈಲ್ಡ್ ಹಾರ್ಬರ್‌ನೊಳಗೆ ತಳ್ಳಿದವು.

ಲೆಕ್ಕಕ್ಕೆ ಇದು ದೊಡ್ಡ ಅಪಘಾತವೇ ಅಲ್ಲ. 1967ರಲ್ಲಿ ಇಂಗ್ಲೆಂಡಿನ ಹತ್ತಿರ 'ಟೋರಿ ಕ್ಯಾನ್ಯನ್' ಒಡೆದಾಗ ಸೋರಿದ್ದು ಲಕ್ಷ ಟನ್ನಿನ ಲೆಕ್ಕದಲ್ಲಿ. ಇಲ್ಲಿ ಹೆಚ್ಚೆಂದರೆ 600-700 ಟನ್. ಆ ಕಾಲದಲ್ಲಿ ಇದ್ದ ನಂಬಿಕೆಯೂ ಹಾಗೆಯೇ. ತೆಳು ಎಣ್ಣೆ, ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ಅಲೆ ಒಡೆದು ಚದುರಿಸುತ್ತದೆ, ಉಳಿದದ್ದನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಸಮುದ್ರ ದೊಡ್ಡದು, ತೊಳೆದುಕೊಳ್ಳುತ್ತದೆ.

ಆದರೆ ಬಾರ್ಜ್ ತಾಗಿದ ಜಾಗ ಎಂಥದ್ದು ಗೊತ್ತೆ? ಹತ್ತೇ ಕಿಲೋಮೀಟರ್ ಆಸುಪಾಸಿನಲ್ಲಿ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆ. ಸಮುದ್ರದ ಬಗ್ಗೆ ಜಗತ್ತಿನಲ್ಲೇ ಹೆಚ್ಚು ತಿಳಿದ ಜನ ಕೂತಿದ್ದ ಊರಿನ ಹಿತ್ತಲಲ್ಲೇ ಎಣ್ಣೆ ಚೆಲ್ಲಿದ ಹಾಗಾಯಿತು. ಹೊವರ್ಡ್ ಸ್ಯಾಂಡರ್ಸ್ ಸಮುದ್ರದ ತಳದ ಕೆಸರಿನಲ್ಲಿರುವ ಜೀವಿಗಳನ್ನು ಎಣಿಸುವುದರಲ್ಲಿ ಪಳಗಿದವರು. ಅವರು, ಜಾರ್ಜ್ ಹ್ಯಾಂಪ್ಸನ್ ಮತ್ತಿತರರು ಕೂಡಲೇ ಬಲೆ, ಬಕೆಟ್ಟು ತೆಗೆದುಕೊಂಡು ಹೊರಟರು. ಮೀನು, ಹುಳು, ಸೀಗಡಿ, ಏಡಿ, ಚಿಪ್ಪಿಮೀನು ರಾಶಿ ರಾಶಿ ಸತ್ತಿದ್ದವು. ಮುಂದಿನ ತಿಂಗಳುಗಳಲ್ಲಿ ಬೇರೆಲ್ಲ ಸತ್ತು ಖಾಲಿಯಾದ ಕೆಸರಿನಲ್ಲಿ ಕ್ಯಾಪಿಟೆಲ್ಲಾ ಎಂಬ ಒಂದು ಸಣ್ಣ ಹುಳು ಮಾತ್ರ ಲೆಕ್ಕವಿಲ್ಲದಷ್ಟು ಹೆಚ್ಚಿತು. ಊರು ಬಿಟ್ಟು ಹೋದವರ ಮನೆಯಲ್ಲಿ ಹೆಗ್ಗಣ ಹೆಚ್ಚಿದ ಹಾಗೆ.

ಇನ್ನೊಬ್ಬರು ಮ್ಯಾಕ್ಸ್ ಬ್ಲೂಮರ್, ಸ್ವಿಟ್ಜರ್ಲೆಂಡ್ ಮೂಲದ ರಸಾಯನ ವಿಜ್ಞಾನಿ. ಅವರ ಹತ್ತಿರ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇತ್ತು. ಎಣ್ಣೆ ಅಂದರೆ ಒಂದೇ ವಸ್ತುವಲ್ಲ, ನೂರಾರು ಸಂಯುಕ್ತಗಳ ಮಿಶ್ರಣ. ಆ ಯಂತ್ರ ಅವನ್ನು ಬೇರೆ ಬೇರೆ ಮಾಡಿ ಕಾಗದದ ಮೇಲೆ ಏರಿಳಿತದ ಗೆರೆ ಎಳೆಯುತ್ತದೆ. ಪ್ರತಿ ಎಣ್ಣೆಯ ಗೆರೆಯೂ ಬೆರಳಚ್ಚಿನ ಹಾಗೆ ಬೇರೆ. ಬ್ಲೂಮರ್ ತಿಂಗಳುಗಟ್ಟಲೆ ಕೆಸರು ತಂದು ಪರೀಕ್ಷೆ ಮಾಡಿದರು. ಬಾರ್ಜ್‌ನ ಎಣ್ಣೆಯ ಬೆರಳಚ್ಚು ಮತ್ತೆ ಮತ್ತೆ ಸಿಕ್ಕಿತು. ಅದು ಕೆಸರಿನ ಜೊತೆ ಸರಿದು, ಮೊದಲ ದಿನ ಎಣ್ಣೆ ಮುಟ್ಟದೇ ಇದ್ದ ಜಾಗಕ್ಕೂ ಹೋಗಿತ್ತು. ಚಿಪ್ಪಿಮೀನುಗಳ ಮಾಂಸದಲ್ಲೂ ಸೇರಿತ್ತು. ಅವನ್ನು ತಂದು ಶುದ್ಧ ನೀರಿನಲ್ಲಿ ಬಿಟ್ಟರೂ ಸುಲಭಕ್ಕೆ ಹೋಗಲಿಲ್ಲ. ನೀರಿನ ಮೇಲೆ ಎಣ್ಣೆಯ ಗುರುತೇ ಇಲ್ಲದಿದ್ದಾಗಲೂ ಎಣ್ಣೆ ಅಲ್ಲಿಯೇ ಇತ್ತು. 'ಸಮುದ್ರ ತೊಳೆದುಕೊಳ್ಳುತ್ತದೆ' ಎಂಬ ಮಾತಿಗೆ ಮೊದಲ ಪೆಟ್ಟು ಬಿದ್ದದ್ದು ಹೀಗೆ.

ಇಲ್ಲಿ ಪಿಟೀಲು ಏಡಿ ಕಥೆಯೊಳಗೆ ಬರುತ್ತದೆ.

ಚಾರ್ಲ್ಸ್ ಕ್ರೆಬ್ಸ್ ಮತ್ತು ಕ್ಯಾಥ್ರಿನ್ ಬರ್ನ್ಸ್ ಎಂಬ ಇಬ್ಬರು ವೈಲ್ಡ್ ಹಾರ್ಬರ್‌ನ ಏಡಿಗಳ ಬೆನ್ನು ಹತ್ತಿದರು. 1977ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಸೋರಿಕೆಯಾಗಿ ಏಳು ವರ್ಷವಾದರೂ ಏಡಿಗಳ ಸಂಖ್ಯೆ ಮೊದಲಿನಂತಾಗಿರಲಿಲ್ಲ. ಏಡಿಗಳ ಮೈಯಲ್ಲಿ ಎಣ್ಣೆ ಸೇರಿತ್ತು. ನಡಿಗೆ ಸರಿ ಇರಲಿಲ್ಲ. ಹೆಣ್ಣುಗಳು ಕಡಿಮೆ, ಮರಿಗಳು ಇನ್ನೂ ಕಡಿಮೆ.

ಮರಿಗಳು ಕಡಿಮೆ ಅನ್ನುವುದು ಯಾಕೆ ವಿಚಿತ್ರ ಅಂದರೆ, ಈ ಏಡಿಯ ಮರಿಗಳು ಅದೇ ಕೆಸರಿನಲ್ಲಿ ಬೆಳೆಯುವುದಿಲ್ಲ. ಹೆಣ್ಣು ಹೊಟ್ಟೆಯಡಿ ಮೊಟ್ಟೆ ಇಟ್ಟುಕೊಂಡು ಕಾದು, ದೊಡ್ಡ ಭರತ ಇಳಿಯುವ ರಾತ್ರಿ ನೀರಿಗೆ ಬಿಡುತ್ತದೆ. ಮರಿಗಳು ಸಮುದ್ರಕ್ಕೆ ತೇಲಿಹೋಗಿ, ಹಲವು ಸಲ ಪೊರೆ ಬಿಟ್ಟು, ವಾರಗಳ ನಂತರ ಯಾವುದೋ ಒಂದು ಜೌಗಿಗೆ ವಾಪಸ್ ಬರುತ್ತವೆ. ಅಂದರೆ ಒಂದು ಜೌಗು ಪೂರಾ ಸತ್ತರೂ ಅಕ್ಕಪಕ್ಕದ ಜೌಗುಗಳಿಂದ ಪ್ರತಿ ವರ್ಷ ಹೊಸ ಮರಿಗಳು ಬರಬೇಕು. ಬರುತ್ತಲೂ ಇದ್ದವು. ಆದರೆ ಬಂದವು ಚಳಿಗಾಲ ದಾಟುತ್ತಿರಲಿಲ್ಲ. ಕ್ರೆಬ್ಸ್ ಮತ್ತು ಬರ್ನ್ಸ್ ಬಿಲಗಳನ್ನು ನೋಡಿದಾಗ ಅವು ಎಲ್ಲೆಲ್ಲೋ ತಿರುಗಿದ್ದವು, ಸರಿಯಾಗಿ ಕೆಳಗೆ ಇಳಿದಿರಲಿಲ್ಲ. ಆಳಕ್ಕೆ ಇಳಿಯದ ಏಡಿ ಚಳಿಯಲ್ಲಿ ಹೆಪ್ಪುಗಟ್ಟಿ ಸಾಯುತ್ತದೆ. ದೊಡ್ಡ ಏಡಿ ತಡೆದುಕೊಳ್ಳುವಷ್ಟು ಎಣ್ಣೆಯೂ ಮರಿಗಳಿಗೆ ಚಳಿಗಾಲದಲ್ಲಿ ವಿಷವಾಗುತ್ತಿತ್ತು.

ಮ್ಯಾಕ್ಸ್ ಬ್ಲೂಮರ್ ತೀರಿಕೊಂಡದ್ದೂ ಅದೇ 1977ರಲ್ಲಿ.

ಆಮೇಲೆ ನಿಧಾನಕ್ಕೆ ಎಲ್ಲ ಸರಿಹೋದ ಹಾಗೆ ಕಂಡಿತು. ಹುಲ್ಲು ಬಂತು. ನೀರು ತಿಳಿಯಾಯಿತು. ಹಕ್ಕಿಗಳು ಬಂದವು. ಯಾರಾದರೂ ವೈಲ್ಡ್ ಹಾರ್ಬರ್‌ಗೆ ಹೋಗಿ ಫೋಟೋ ತೆಗೆದರೆ ಪಿಕ್ಚರ್ ಪೋಸ್ಟ್‌ಕಾರ್ಡಿಗೆ ಹಾಕಬಹುದು, ಅಷ್ಟು ಚಂದ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಟಿಕೆಟ್ ಕ್ಲೋಸ್ ಆಯಿತು. ಸ್ಕ್ರೀನ್ ಮೇಲೆ ಎರರ್ ಕಾಣುತ್ತಿಲ್ಲ, ಇನ್ನೇನು? ನಾನೂ ಹಾಗೆ ಎಷ್ಟೋ ಟಿಕೆಟ್ ಮುಚ್ಚಿದ್ದೇನೆ, ಸುಳ್ಳು ಹೇಳುವುದಿಲ್ಲ. ಆರು ತಿಂಗಳ ನಂತರ ಅದೇ ತೊಂದರೆ ಬೇರೆ ಹೆಸರಿನಲ್ಲಿ ಬಾಗಿಲು ತಟ್ಟಿದಾಗ ಮಾತ್ರ ಲಾಗ್ ಫೈಲ್ ತೆಗೆದು ನೋಡುವುದು.

ವೈಲ್ಡ್ ಹಾರ್ಬರ್‌ನ ಲಾಗ್ ಫೈಲ್ ಕೆಸರೊಳಗಿತ್ತು. ಕ್ರಿಸ್ ರೆಡ್ಡಿ ಎಂಬ ವುಡ್ಸ್ ಹೋಲ್‌ನ ರಸಾಯನ ವಿಜ್ಞಾನಿ (ಹೆಸರು ನೋಡಿ ನಮ್ಮ ಬಳ್ಳಾರಿ ಕಡೆಯವರಾ ಅಂದುಕೊಂಡೆ, ಅಲ್ಲ!) ಮತ್ತು ಅವರ ಜೊತೆಯವರು ಮೂವತ್ತು ವರ್ಷದ ನಂತರ ಅಲ್ಲಿಗೆ ಹೋಗಿ, ಕೊಳವೆ ಇಳಿಸಿ ಕೆಸರಿನ ಕಂಬ ತೆಗೆದರು. 2002ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು. ಮೇಲಿನ ಕೆಲವು ಸೆಂಟಿಮೀಟರ್ ಸ್ವಚ್ಛ. ಸುಮಾರು 6ರಿಂದ 28 ಸೆಂಟಿಮೀಟರ್ ಆಳದ ನಡುವೆ ಎಣ್ಣೆ. 1969ರ ಅದೇ ಎಣ್ಣೆ.

ಒಂದು ಗೇಣು ಅಂದರೆ ಹತ್ತಿರ ಹತ್ತಿರ 20 ಸೆಂಟಿಮೀಟರ್. ಎಣ್ಣೆ ಕೂತದ್ದು ಸರಿಯಾಗಿ ಏಡಿಯ ಮನೆ ಇರಬೇಕಾದ ಆಳದಲ್ಲಿ!

ಆಗ ಜೆನ್ನಿಫರ್ ಕಲ್ಬರ್ಟ್‌ಸನ್ ಎಂಬ ಸಂಶೋಧಕಿ, ಬಾಸ್ಟನ್ ವಿಶ್ವವಿದ್ಯಾಲಯದಲ್ಲಿದ್ದವರು, ಮತ್ತೆ ಏಡಿಗಳ ಹತ್ತಿರವೇ ಹೋದರು. ಅವರು ಹೋಲಿಕೆಗೆ ಆರಿಸಿದ ಸ್ವಚ್ಛ ಜಾಗ ಗ್ರೇಟ್ ಸಿಪ್ಪೆವಿಸೆಟ್, ಅಂದರೆ ನಾನು ನೀರು ಕುಡಿಯುತ್ತ ನಿಂತಿದ್ದ ಅದೇ ಜೌಗು. ಬಿಲಗಳಿಗೆ ಎರಕ ಹೊಯ್ದು, ಗಟ್ಟಿಯಾದ ಮೇಲೆ ಅಗೆದು ತೆಗೆದರು. ಬಿಲದ ಆಕಾರ ಹಾಗೇ ಕೈಗೆ ಬರುತ್ತದೆ. ಸಿಪ್ಪೆವಿಸೆಟ್‌ನ ಬಿಲಗಳು ನೆಟ್ಟಗೆ ಕೆಳಗಿಳಿದಿದ್ದವು. ವೈಲ್ಡ್ ಹಾರ್ಬರ್‌ನ ಬಿಲಗಳು ಗಿಡ್ಡ. ಕೆಳಗೆ ಇಳಿಯುತ್ತ ಹೋಗಿ ಎಣ್ಣೆಯ ಪದರ ಸಿಕ್ಕಿದ ಕೂಡಲೇ ಕೆಲವು ನಿಂತಿವೆ, ಕೆಲವು ಅಡ್ಡ ತಿರುಗಿವೆ, ಕೆಲವು ಮತ್ತೆ ಮೇಲಕ್ಕೇ ಬಂದಿವೆ. ಅಲ್ಲಿನ ಏಡಿಗಳು ತಿನ್ನುವುದು ನಿಧಾನ, ಹೆದರಿಸಿದರೆ ಓಡುವುದೂ ತಡ. ಸಂಖ್ಯೆಯೂ ಕಡಿಮೆ. ಈ ಪ್ರಬಂಧ ಬಂದದ್ದು 2007ರಲ್ಲಿ, ಸೋರಿಕೆಯಾಗಿ 38 ವರ್ಷಕ್ಕೆ. ಅಷ್ಟು ವರ್ಷದಲ್ಲಿ ಏಡಿಗಳ ಎಷ್ಟು ತಲೆಮಾರು ಕಳೆದಿರಬಹುದು ಯೋಚಿಸಿ. ಬಾರ್ಜ್ ಒಡೆದದ್ದನ್ನು ನೋಡಿದ ಒಂದು ಏಡಿಯೂ ಅಲ್ಲಿರಲಿಲ್ಲ. ಆದರೂ ಪ್ರತಿ ಹೊಸ ಏಡಿಯೂ ಅಗೆಯುತ್ತ ಅಗೆಯುತ್ತ 1969ಕ್ಕೆ ತಲುಪಿ ವಾಪಸ್ ಬರುತ್ತಿತ್ತು.

ಇದನ್ನು ಓದಿದಾಗ ನನಗೆ ಒಂದು ಪ್ರಶ್ನೆ ಬಂತು. ಬ್ಯಾಕ್ಟೀರಿಯಾ ಎಣ್ಣೆ ತಿನ್ನುತ್ತವೆ ಅನ್ನುವುದು ಸುಳ್ಳೇನಲ್ಲವಲ್ಲ, ಮತ್ತೆ ಯಾಕೆ ತಿನ್ನಲಿಲ್ಲ? ಉತ್ತರ ಹುಡುಕುತ್ತ ಹೋದರೆ ಅದೂ ಬಿಲಕ್ಕೇ ಬಂದು ನಿಂತಿತು.

ಜೌಗಿನ ಕೆಸರಿನಲ್ಲಿ ಮೇಲಿನ ತೆಳು ಪದರ ಬಿಟ್ಟರೆ ಕೆಳಗೆ ಆಮ್ಲಜನಕವೇ ಇಲ್ಲ. ಅದಕ್ಕೇ ಆ ಕೊಳೆತ ಮೊಟ್ಟೆಯ ವಾಸನೆ, ಕಪ್ಪು ಬಣ್ಣ. ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ಎಣ್ಣೆಯನ್ನು ಒಡೆಯುವುದು ಬಹಳ ಬಹಳ ನಿಧಾನ. ಕೆಳಗಿನ ಕೆಸರಿಗೆ ಗಾಳಿ ಮುಟ್ಟಿಸುವ ಕೆಲಸವನ್ನು ಯಾರು ಮಾಡುತ್ತಾರೆ? ಏಡಿಗಳು! ನೂರಾರು ಬಿಲ ತೋಡಿ, ಮಣ್ಣನ್ನು ಕೆಳಗಿಂದ ಮೇಲೆ ತಂದು ಹಾಕಿ, ಜೌಗನ್ನು ಸದಾ ಉಳುತ್ತಿರುತ್ತವೆ. ಮಾರ್ಕ್ ಬರ್ಟ್‌ನೆಸ್ ಎಂಬ ಪರಿಸರ ವಿಜ್ಞಾನಿ 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ನ್ಯೂ ಇಂಗ್ಲೆಂಡಿನ ಜೌಗಿನ ಒಂದು ಭಾಗದಿಂದ ಇದೇ ಜಾತಿಯ ಏಡಿಗಳನ್ನು ಕಡಿಮೆ ಮಾಡಿ ನೋಡಿದರು. ಒಂದೇ ಋತುವಿನಲ್ಲಿ ಅಲ್ಲಿನ ಹುಲ್ಲಿನ ಬೆಳೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಹುಲ್ಲು ಹೋದರೆ ಅದರ ಬೇರು ಹಿಡಿದಿಟ್ಟ ದಡವೂ ಹೋಗುತ್ತದೆ. ಎರೆಹುಳು ನಮ್ಮ ಗದ್ದೆಗೆ ಏನೋ, ಜೌಗಿಗೆ ಈ ಏಡಿ ಅದು.

ಈಗ ಎರಡನ್ನೂ ಜೋಡಿಸಿ ನೋಡಿ. ಎಣ್ಣೆ ಕರಗಬೇಕಾದರೆ ಏಡಿ ಅಲ್ಲಿಯವರೆಗೆ ಅಗೆಯಬೇಕು. ಏಡಿ ಅಲ್ಲಿಯವರೆಗೆ ಅಗೆಯಬೇಕಾದರೆ ಎಣ್ಣೆ ಕರಗಿರಬೇಕು. ನಾವು ಇದಕ್ಕೆ ಡೆಡ್‌ಲಾಕ್ ಅನ್ನುತ್ತೇವೆ. ಎರಡು ಪ್ರೋಗ್ರಾಂಗಳು ನೀನು ಮೊದಲು ನೀನು ಮೊದಲು ಅಂತ ಒಂದನ್ನೊಂದು ಕಾಯುತ್ತ ನಿಂತುಬಿಡುತ್ತವೆ. ಇಂಜಿನಿಯರಿಂಗ್ ಐದನೇ ಸೆಮಿಸ್ಟರಿನಲ್ಲಿ ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಮಾತ್ರ ಈಗ, ಏಡಿಯಿಂದ. ಕಂಪ್ಯೂಟರಿನಲ್ಲಾದರೆ ರೀಸ್ಟಾರ್ಟ್ ಮಾಡುತ್ತೇವೆ. ಜೌಗಿಗೆ ರೀಸ್ಟಾರ್ಟ್ ಬಟನ್ ಇಲ್ಲ.

2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ 'ಡೀಪ್‌ವಾಟರ್ ಹೊರೈಝನ್' ರಿಗ್ ಸ್ಫೋಟಗೊಂಡು ತಿಂಗಳುಗಟ್ಟಲೆ ಎಣ್ಣೆ ಉಕ್ಕಿತು, ಲೂಸಿಯಾನಾದ ಜೌಗುಗಳಿಗೂ ನುಗ್ಗಿತು. ಆಗ ಪತ್ರಿಕೆಯವರು ಮತ್ತೆ ವೈಲ್ಡ್ ಹಾರ್ಬರ್ ಹುಡುಕಿಕೊಂಡು ಹೋದರು. ಎಲ್ಲರಿಗೂ ಬೇಕಿದ್ದ ಉತ್ತರ ಒಂದೇ, ಇದು ಎಷ್ಟು ದಿನ ಇರುತ್ತದೆ? ಅದಕ್ಕೆ ಅಳತೆ ಮಾಡಿದ ಉತ್ತರ ಇದ್ದ ಜಾಗ ಬಹಳ ಕಡಿಮೆ. ಯಾರೋ ಮೂವತ್ತೆಂಟು ವರ್ಷ ಒಂದು ಸಣ್ಣ ಜೌಗನ್ನು ಬಿಡದೆ ನೋಡಿದ್ದರಿಂದ ಅಲ್ಲಿ ಇತ್ತು.

ನನಗೆ ಇದೆಲ್ಲ ಯಾಕೆ ಇಷ್ಟು ತಟ್ಟಿತು ಅಂದರೆ, 2006ರ ಮೇ 30ರಂದು ನಮ್ಮ ಕಾರವಾರದ ದೀಪಸ್ತಂಭವಿರುವ ದ್ವೀಪದ ಹತ್ತಿರ 'ಓಷನ್ ಸೆರಾಯಾ' ಎಂಬ ಹಡಗು ಬಂಡೆಗೆ ತಾಗಿ ಎಣ್ಣೆ ಸೋರಿತ್ತು. ನಮ್ಮ ತೀರಕ್ಕೂ, ಗೋವಾದ ದಕ್ಷಿಣ ತುದಿಗೂ ಎಣ್ಣೆ ಬಂತು. ನಾನಾಗ ಮೂರನೇ ಕ್ಲಾಸು ಮುಗಿಸಿದ್ದೆ. ನೆನಪಿರುವುದು ವಾಸನೆ ಮಾತ್ರ, ಮತ್ತು ಮಾವನ ಮಾತು. ಸಮುದ್ರಕ್ಕೆ ಏನಾಗ್ತದೆ ಮಾವ ಅಂತ ಕೇಳಿದ್ದಕ್ಕೆ ಅವನು, "ಎಂಥದೂ ಆಗೂದಿಲ್ಲ. ಒಂದು ಮಳೆಗಾಲ ಬಂದ್ರೆ ಎಲ್ಲ ತೊಳ್ಕಂಡು ಹೋಗ್ತದೆ" ಅಂದಿದ್ದ. ಮಳೆಗಾಲ ಬಂತು. ವಾಸನೆ ಹೋಯಿತು. ನಾನು ಮರೆತೆ.

ಮಾವ ಹೇಳಿದ್ದು ಅರ್ಧ ಸರಿ. ಅಲೆ ಹೊಡೆಯುವ ಮರಳಿನ ತೀರವನ್ನು ಮಳೆಗಾಲದ ಕಡಲು ನಿಜಕ್ಕೂ ಉಜ್ಜಿ ತೊಳೆಯುತ್ತದೆ. ಉಳಿದ ಅರ್ಧ ಇರುವುದು ಅಲೆ ಮುಟ್ಟದ ಕಡೆ, ನಮ್ಮ ಕಾಳಿ ಅಳಿವೆಯ ಕಾಂಡ್ಲಾ ಗಿಡಗಳ ಬುಡದಲ್ಲಿ, 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿಯ ಕೆಸರಿನಲ್ಲಿ. ಅಲ್ಲಿ ತಿಸ್ರೆ ಹೆಕ್ಕಿ ಬದುಕುವ ಮನೆಗಳಿವೆ. ಅಂಥ ಕಡೆ ಎಣ್ಣೆ ಒಳಗೆ ಹೋಗಿ ಕೂತರೆ ಮಳೆಗಾಲಗಳನ್ನು ಎಣಿಸುತ್ತ ಕೂರಬೇಕಾಗುತ್ತದೆ. ಹಡಗುಗಳು ಅವತ್ತೂ ಓಡಾಡುತ್ತಿದ್ದವು, ಇವತ್ತೂ ಓಡಾಡುತ್ತಿವೆ.

ಕಳೆದ ಸಲ ಊರಿಗೆ ಹೋದಾಗ ಮಾವನನ್ನು ಎಬ್ಬಿಸಿಕೊಂಡು ಇಳಿತದ ಹೊತ್ತಿಗೆ ಕಾಳಿ ದಂಡೆಯ ಕಾಂಡ್ಲಾ ಹತ್ತಿರ ಹೋದೆ. ಅಲ್ಲೂ ಪಿಟೀಲು ಏಡಿಗಳಿವೆ, ಬೇರೆ ಜಾತಿ, ಆದರೆ ಅದೇ "ಬಾ ಬಾ". ನಾನು ಫಾಲ್ಮತ್ ಕಥೆಯನ್ನೆಲ್ಲ ಹೇಳಿದೆ. ಮಾವ ಸುಮ್ಮನೆ ಕೇಳಿ, ಒಂದು ಉದ್ದ ಕಡ್ಡಿ ಮುರಿದು, ಖಾಲಿ ಬಿಲವೊಂದಕ್ಕೆ ನಿಧಾನಕ್ಕೆ ಇಳಿಸಿದ. ಕಡ್ಡಿ ಒಂದು ಗೇಣು ದಾಟಿತು. ಮೇಲೆ ತೆಗೆದು ಮೂಸಿ ನೋಡಿ, "ಬರೀ ಕೆಸರು" ಅಂದ.

ಇಬ್ಬರಿಗೂ ಸಮಾಧಾನವಾಯಿತು. ಮುಂದಿನ ಬಿಲಕ್ಕೆ ಹೋದೆವು.